ಗುಮಾಸ್ತನಿಗೆ ನಾಲ್ಕು ಕಾಲುಚೀಲ

ಜನವರಿ 9

ಅಕ್ಕಾ,

ಈ ಪತ್ರವನ್ನು ನ್ಯಾಯಾಧೀಶರ ಮುಖ ಮಾಡಿಕೊಂಡು ಓದು. ಏಕೆಂದರೆ ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ನಲವತ್ತೊಂಬತ್ತು, ಉದ್ಯೋಗ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳ ದುರಸ್ತಿ, ಹಿಂದೆ ಯಾವ ಶಿಕ್ಷೆಯೂ ಆಗಿಲ್ಲದವನು, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಕಳೆದ ಮಂಗಳವಾರ ಊಟದ ಬಿಡುವಿನಲ್ಲಿ ಸಂಸ್ಥೆಯ ಸೊತ್ತಾದ ಮೆತ್ತನೆಯ ಹತ್ತಿಬಟ್ಟೆ ಒಂದು ಮೊಳ, ಕುರಿಯ ತೊಗಲಿನ ಚೂರು ನಾಲ್ಕು, ಮೇಣ ಹಚ್ಚಿದ ದಾರ ಒಂದು ಮಾರು, ಇಷ್ಟನ್ನು ಅಂಗಿಯೊಳಗೆ ಸೇರಿಸಿ ಮನೆಗೆ ಸಾಗಿಸಿದ್ದೇನೆ. ಬಾಗಿಲಲ್ಲಿ ಗ್ರಂಥಪಾಲಕರು ಎದುರಾಗಿ, ಏನ್ರೀ ಹೊಟ್ಟೆ ಬಂದಿದೆ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೊಟ್ಟೆ ಮುಟ್ಟಿ ನೋಡಿಕೊಂಡೆ. ಅವರು ಅದನ್ನು ನಾಚಿಕೆ ಅಂದುಕೊಂಡು ಬಿಟ್ಟುಬಿಟ್ಟರು.

ಕದ್ದ ಮಾಲು ಈಗ ನಾಲ್ಕು ಕಾಲುಚೀಲಗಳಾಗಿದೆ. ನಾಲ್ಕು ಅಂದಾಗಲೇ ನಿನಗೆ ಅನುಮಾನ ಬಂದಿರಬೇಕು. ಹೌದು, ನಾಯಿ. ನಮ್ಮ ಗೇಟಿನ ಕಾವಲುಗಾರ ನಿವೃತ್ತನಾಗಿ ಮಗಳ ಮನೆಗೆ ಹೋಗುತ್ತಿದ್ದಾನೆ. ಅಲ್ಲಿ ನಾಯಿಗೆ ಪ್ರವೇಶವಿಲ್ಲ. ನಾಲ್ಕು ವರ್ಷದ್ದು, ಕಂದು ಬಣ್ಣ, ಗಿಡ್ಡ ಕೂದಲು. ಬೊಗಳುವುದಿಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವ ಗಾದೆಯನ್ನು ತಿರುಗಿಸಿ ಹಾಕಿ ನನ್ನನ್ನು ಕಟ್ಟಿಹಾಕಬೇಡ. ಇದು ಕಚ್ಚುವುದೂ ಇಲ್ಲ.

ನಿನ್ನ ಮಗಳು, ನಮ್ಮ ದೊರೆಸಾನಿ, ಹಿಂದಿನ ಸಲ ನಾನು ಹೊರಡುವಾಗ ಬಾಗಿಲವರೆಗೆ ಬಂದು ಮೆಲ್ಲಗೆ ಏನು ಕೇಳಿದಳು ಗೊತ್ತೇ? "ಮಾವ, ನನ್ನ ನೋಡಿ ಹೆದರದೇ ಇರೋರು ಯಾರಾದ್ರೂ ಸಿಕ್ಕಿದ್ರೆ ಕರ್ಕೊಂಡು ಬಾ." ಒಂಬತ್ತು ವರ್ಷದವಳ ಬೇಡಿಕೆ. ನಾಯಿಗೆ ಬಾಲವಿದೆ, ದೊರೆಸಾನಿಗೆ ಬಾಲ್ಯವಿಲ್ಲ; ಎರಡನ್ನೂ ಒಂದು ಕಡೆ ಸೇರಿಸೋಣ ಅನ್ನಿಸಿತು.

ಅವಳ ಚರ್ಮದ ವಿಷಯ ನನಗೆ ಹೇಳಬೇಡ. ಮುಟ್ಟಿದರೆ ಪುಡಿಯಾಗುವ ಹಾಳೆಗಳ ನಡುವೆ ಇಪ್ಪತ್ತಾರು ವರ್ಷ ಬದುಕಿದವನು ನಾನು. ನಮ್ಮ ರಿಜಿಸ್ಟರಿನಲ್ಲಿ 'ದುರಸ್ತಿಯ ವೇಳೆ ಆದ ಹಾನಿ' ಎಂದೊಂದು ಅಂಕಣವಿದೆ. ಇಪ್ಪತ್ತಾರು ವರ್ಷದಿಂದ ಅದರಲ್ಲಿ ಬರೀ ಸೊನ್ನೆ. ಹಾಳೆಯ ಮನಸ್ಸು ಗೊತ್ತಿರುವ ಕೈ ಇದು, ಅಕ್ಕಾ. ಈ ಕೈ ಹೊಲಿದ ಕಾಲುಚೀಲವನ್ನು ನಂಬು.

ತೀರ್ಪಿಗೆ ಕಾಯುತ್ತಿರುವ
ನಿನ್ನ ತಮ್ಮ

*

ಜನವರಿ 17

ತಮ್ಮಾ,

ಬೇಡ.

ಪತ್ರ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಬೇಡ ಅನ್ನುವ ಪದ ನಿನಗೆ ಒಂದೇ ಸಲಕ್ಕೆ ಅರ್ಥವಾದದ್ದು ನನಗೆ ನೆನಪಿಲ್ಲ. ಫೋನು ಮಾಡಿದರೆ ನಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನದು ಎಮ್ಮೆ ಚರ್ಮ. ಅವಳದು ಅಲ್ಲ. ಅವಳ ಬಟ್ಟೆಯನ್ನೆಲ್ಲ ನಾನು ಒಳಹೊರಗು ಮಾಡಿ ತೊಡಿಸುತ್ತೇನೆ, ಹೊಲಿಗೆ ತಾಗಬಾರದು ಎಂದು. ದಿನ ಬಿಟ್ಟು ದಿನ ಎರಡು ಗಂಟೆ ಪಟ್ಟಿ ಬದಲಾಯಿಸುತ್ತೇನೆ. ಹಳೆಯದನ್ನು ನೀರಲ್ಲಿ ನೆನೆಸಿ, ಕಾದು, ತಾನಾಗಿ ಬಿಟ್ಟುಕೊಳ್ಳುವವರೆಗೆ ಕೂರಬೇಕು. ಗುಳ್ಳೆಗಳನ್ನು ಸೂಜಿಯಿಂದ ಒಡೆಯಬೇಕು. ಆ ಎರಡು ಗಂಟೆ ಅವಳು ಕಿರುಚುವುದನ್ನು ಬೀದಿಯ ಕೊನೆಯವರು ಕೇಳಿಸಿಕೊಳ್ಳುತ್ತಾರೆ. ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ ಬಾರೇ ಎಂದು ಕೈ ಹಿಡಿದೆಳೆದಳು. ಪ್ರೀತಿಯಿಂದಲೇ. ಆ ಪ್ರೀತಿಯ ಗುರುತು ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಹನ್ನೊಂದು ದಿನ ಇತ್ತು. ನಾಯಿ ಬಾಲ ಅಲ್ಲಾಡಿಸಿದರೂ ಸಾಕು, ಮಾರಾಯ. ನೆಕ್ಕಿದರೂ ಸಾಕು.

ಇವಳ ಅಪ್ಪ ಮನೆ ಬಿಟ್ಟು ಹೋಗುವಾಗ, ಎತ್ತಿಕೊಳ್ಳೋಕೆ ಆಗದ ಮಗುವಿಗೆ ಅಪ್ಪನಾಗಿರುವುದು ತನ್ನಿಂದಾಗದು ಎಂದ. ಎತ್ತಿಕೊಳ್ಳಲು ಆಗದ ಮಗುವಲ್ಲ ಅವಳು. ಎತ್ತುವ ರೀತಿ ಬೇರೆ, ಅಷ್ಟೆ. ಕಂಕುಳಿಗೆ ಕೈ ಹಾಕಬಾರದು. ಒಂದು ಅಂಗೈ ಕೆಳಗೆ, ಕೂತ ಜಾಗಕ್ಕೆ, ಇನ್ನೊಂದು ಬೆನ್ನಿಗೆ, ಉಜ್ಜದೆ, ಜಾರಿಸದೆ, ಮೊಟ್ಟೆಯ ಬುಟ್ಟಿ ಎತ್ತಿದ ಹಾಗೆ. ಕಲಿಯುವ ಮನಸ್ಸಿದ್ದವರಿಗೆ ಐದು ನಿಮಿಷದ ಪಾಠ. ಅವನು ಮೂರು ವರ್ಷದಲ್ಲಿ ಕಲಿಯಲಿಲ್ಲ.

ಕಾಲುಚೀಲ ನೀನೇ ಹಾಕಿಕೋ.

ಅಕ್ಕ

*

ಫೆಬ್ರವರಿ 6

ಅಕ್ಕಾ,

ಎತ್ತುವ ಪಾಠವನ್ನು ನನಗೇಕೆ ಬರೆದೆ? ಮೀನಿಗೆ ಈಜು ಹೇಳಿಕೊಟ್ಟ ಹಾಗಾಯಿತು. ಅದಿರಲಿ.

ಪತ್ರದ ಜೊತೆ ಒಂದು ಕಾಗದವಿದೆ, ಹುಷಾರಾಗಿ ಬಿಡಿಸು. ಹರಿದ ಪುಟಗಳ ಮೇಲೆ ನಾವು ಅಂಟಿಸುವ ಕಾಗದ ಅದು. ಈರುಳ್ಳಿಯ ಒಳಸಿಪ್ಪೆಗಿಂತ ತೆಳು, ಜೋರಾಗಿ ಸೀನಿದರೆ ಹರಿಯುತ್ತದೆ. ನಾನು ಮಾಡಿದ್ದೇನೆಂದರೆ, ಎರಡು ದಿಂಬುಗಳನ್ನು ಒಂದರ ಮೇಲೊಂದು ಕಟ್ಟಿ, ದೊರೆಸಾನಿಯ ಎತ್ತರಕ್ಕೆ ಕುರ್ಚಿಯಲ್ಲಿ ಕೂರಿಸಿ, ಅದಕ್ಕೆ ಈ ಕಾಗದದ ಅಂಗಿ ತೊಡಿಸಿದೆ. ನಾಯಿಗೆ ಕಾಲುಚೀಲ ತೊಡಿಸಿ ಪಕ್ಕದಲ್ಲಿ ಕೂರಿಸಿದೆ. ಮೊದಲ ದಿನ ಅಂಗಿ ಚಿಂದಿಯಾಯಿತು. ಎರಡನೆಯ ದಿನವೂ. ನಾಲ್ಕನೆಯ ದಿನ ಮೂಗಿನಿಂದ ಒಂದು ತೂತು ಮಾತ್ರ. ಪ್ರತಿ ಸಲ ಹರಿದಾಗ ನಾನು ಎದ್ದು ಆಚೆ ಹೋಗಿಬಿಡುತ್ತಿದ್ದೆ. ಹರಿಯದಿದ್ದರೆ ಕೂತು ಬಿಸ್ಕತ್ತು ಕೊಡುತ್ತಿದ್ದೆ. ಕಾಗದ ಹರಿದರೆ ಜನ ಹೋಗಿಬಿಡುತ್ತಾರೆ ಅನ್ನುವುದನ್ನು ಅದು ಕಲಿತುಬಿಟ್ಟಿದೆ. ನಮ್ಮ ಭಾವನವರ ನೀತಿಯನ್ನೇ ಪಾಠ ಮಾಡಿದ್ದು, ನೋಡು.

ಈಗ ಕಳಿಸಿರುವುದು ಹನ್ನೊಂದು ದಿನ ಆ ದಿಂಬಿನ ಮೈಮೇಲಿದ್ದ ಕಾಗದ. ಬೆಳಕಿಗೆ ಹಿಡಿದು ನೋಡು. ಒಂದು ಗೀರು ಸಿಕ್ಕಿದರೆ ನಾನು ಬಾಯಿ ಮುಚ್ಚುತ್ತೇನೆ. ನನ್ನ ಬಾಯಿಯ ಬೆಲೆ ನಿನಗೆ ಗೊತ್ತು.

ಸಾಕ್ಷ್ಯ ಸಮೇತ,
ತಮ್ಮ

*

ಫೆಬ್ರವರಿ 25

ತಮ್ಮಾ,

ನಾನು ಪೇಟೆಗೆ ಹೋಗಿದ್ದಾಗ ಅವಳು ಲಕೋಟೆ ಒಡೆದು ಓದಿದ್ದಾಳೆ. ಬಂದು ನೋಡಿದರೆ ಆ ಕಾಗದವನ್ನು ತೋಳಿನ ಮೇಲೆ ಹಾಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು. "ಅಮ್ಮಾ, ಇದು ನನಗಿಂತ ತೆಳು ಇದೆ. ಆದ್ರೂ ಹರ್ದಿಲ್ಲ" ಅಂದಳು. ಆಮೇಲೆ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ಹಟ ಮಾಡಿದ್ದರೆ ಗದರಬಹುದಿತ್ತು.

ಮಾರ್ಚ್ ಹತ್ತಕ್ಕೆ ಕರೆದುಕೊಂಡು ಬಾ. ಎರಡು ವಾರ ನೋಡುತ್ತೇನೆ. ಕಾಲುಚೀಲ ಇಲ್ಲದೆ ಒಳಗೆ ಬರುವಂತಿಲ್ಲ. ನಾನು ಇಲ್ಲದಾಗ ಅವಳ ಹತ್ತಿರ ಬಿಡುವಂತಿಲ್ಲ. ಏನಾದರೂ ಆದರೆ ಅದೇ ದಿನ ನಿನ್ನ ಜೊತೆ ವಾಪಸ್ಸು. ನೀನು ಬರುವಾಗ ವಾಚು ಕಟ್ಟಿಕೊಂಡು ಬರಬೇಡ.

ಅಕ್ಕ

*

ಏಪ್ರಿಲ್ 14

ಮಾವನಿಗೆ,

ಇವತ್ತು ಬಲಗೈಯ ಎರಡು ಬೆರಳಿಗೆ ಪಟ್ಟಿ ಇಲ್ಲ, ಅದಕ್ಕೆ ನಾನೇ ಬರೀತಿದೀನಿ. ನಾಯಿಗೆ ಗುಮಾಸ್ತ ಅಂತ ಹೆಸರಿಟ್ಟೆ. ಯಾಕಂದ್ರೆ ಯಾವಾಗಲೂ ಏನೋ ಕಾಗದ ಕಳೆದುಹೋಗಿದೆ ಅನ್ನೋ ಹಾಗೆ ಮುಖ ಮಾಡಿಕೊಂಡು ನನ್ನ ಹಿಂದೆ ಬರ್ತಾನೆ. ಕುಂತಲ್ಲಿ ಕೂರ್ತಾನೆ, ಎದ್ದಲ್ಲಿ ಏಳ್ತಾನೆ. ನನಗೆ ತಾಗೋದಿಲ್ಲ, ಒಂದು ಗೇಣು ದೂರ ಬಿಟ್ಟು ನಿಲ್ತಾನೆ. ನಾನು ಕೈ ಚಾಚಿದ್ರೆ ಮಾತ್ರ ಕಿವಿ ತಂದು ಕೈಗೆ ಕೊಡ್ತಾನೆ.

ಪಟ್ಟಿ ತೆಗೆಯೋವಾಗ ಈಗ ನಾನು ಕಿವಿ ಹಿಡ್ಕೊಂಡಿರ್ತೀನಿ. ಕಿರುಚಿದ್ರೆ ಅವನು ಎದ್ದು ಹೋಗ್ತಾನೇನೋ ಅಂತ ಕಿರುಚಲ್ಲ. ನಿನ್ನೆ ಅಮ್ಮ ಪಟ್ಟಿ ಮುಗಿಸಿ ಬಚ್ಚಲಿಗೆ ಹೋಗಿ ಅತ್ತಳು. ಸಂತೋಷಕ್ಕೇ ಅಂತೆ. ಆದ್ರೂ ಎರಡು ವಾರ ಆಗಿ ಎಷ್ಟೋ ದಿನ ಆಯ್ತು, ಗುಮಾಸ್ತ ಇರ್ತಾನೋ ಇಲ್ವೋ ಅಂತ ಅವಳು ಬಾಯಿ ಬಿಡ್ತಾ ಇಲ್ಲ. ನಾನೂ ಕೇಳಿಲ್ಲ. ಕೇಳಿದ್ರೆ ಬೇಡ ಅಂದ್ಬಿಡ್ತಾಳೆ.

ಮಾವ, ಒಂದು ವಿಷಯ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಬಂದಾಗೆಲ್ಲ ಮೇಜಿನ ಆಚೆ ಕೂತು ತಮಾಷೆ ಮಾಡ್ತೀಯಲ್ಲ, ಈಚೆ ಯಾಕೆ ಬರಲ್ಲ? ಗುಮಾಸ್ತ ಈಚೆನೇ ಕೂರ್ತಾನೆ.

ಇಂತಿ,
ದೊರೆಸಾನಿ

*

ಮೇ 24

ಅಕ್ಕಾ,

ವಾಪಸ್ಸು ತಲುಪಿದೆವು. ನಾನೂ ನಾಯಿಯೂ. ರೈಲಿನಲ್ಲಿ ಅವನನ್ನು ಸಾಮಾನಿನ ಡಬ್ಬಿಗೆ ಹಾಕಿದರು. ಏಳು ಗಂಟೆ ಹೊತ್ತು ಒಂದು ಹೊಲಿಗೆ ಯಂತ್ರಕ್ಕೂ ಒಂದು ಮೂಟೆ ಚಪ್ಪಲಿಗೂ ನಡುವೆ ಕೂತು ಬಂದಿದ್ದಾನೆ. ಮುಖದಲ್ಲಿ ಕಳೆದುಹೋದ ಕಾಗದ ಇನ್ನೂ ಸಿಕ್ಕಿಲ್ಲ.

ದೊರೆಸಾನಿ ಹೇಗಿದ್ದಾಳೆ? ನೀನು ಆ ಸಂಜೆಯಿಂದ ನನ್ನೊಡನೆ ಮಾತಾಡಲೇ ಇಲ್ಲ, ಬಾಗಿಲವರೆಗೂ ಬರಲಿಲ್ಲ. ತಪ್ಪು ನನ್ನದೇ, ನಾಯಿ ತಂದವನು ನಾನು. ಎಷ್ಟು ಕಲಿಸಿದರೂ ನಾಯಿ ನಾಯಿಯೇ. ಬಾಲಕ್ಕೆ ದಬ್ಬೆ ಕಟ್ಟಿದ ಗಾದೆಯನ್ನು ನಾನೇ ಮರೆತೆ. ಅಡುಗೆಮನೆಯಲ್ಲಿ ನಿನ್ನ ಕೈಯಿಂದ ಮುಚ್ಚಳ ಬಿದ್ದ ಸದ್ದಿಗೆ ಬೆಚ್ಚಿ ಅವಳ ಕುರ್ಚಿಯತ್ತ ಹಾರಿತಲ್ಲ, ಆಗ ನಾನು ಕುರ್ಚಿಯ ಹಿಂದೆಯೇ ಇದ್ದದ್ದು ಪುಣ್ಯ. ತಕ್ಷಣ ಅವಳನ್ನು ಎತ್ತಿ ಈಚೆ ತಂದೆ. ಅಷ್ಟರಲ್ಲಿ ಅದು ತನ್ನ ಕೆಲಸ ಮುಗಿಸಿಬಿಟ್ಟಿತ್ತು. ಎತ್ತದೇ ಹೋಗಿದ್ದರೆ ಇನ್ನೇನಾಗುತ್ತಿತ್ತೋ, ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಒಂದು ಸಾಲಾದರೂ ಬರಿ.

ತಮ್ಮ

*

ಜೂನ್ 15

ತಮ್ಮಾ,

ನೀನು ಒಂದು ಸಾಲು ಕೇಳಿದ್ದೆ. ಇಪ್ಪತ್ತಾರು ದಿನ ಪಟ್ಟಿ ಕಟ್ಟುವುದೇ ಆಯಿತು, ಅದಕ್ಕೆ ತಡ.

ಗಾಯ ಎರಡೂ ಕಂಕುಳಲ್ಲಿದೆ. ಬಲಗಡೆಯದು ಅಂಗೈ ಅಗಲ, ಎಡಗಡೆಯದು ಸ್ವಲ್ಪ ಕಡಿಮೆ. ಮುಂದೆ ಎದೆಯ ಕಡೆಗೆ ನಾಲ್ಕು ಉದ್ದ ಗೆರೆ, ಹಿಂದೆ ಬೆನ್ನ ಮೇಲೆ ಒಂದು ಗಿಡ್ಡ. ಎರಡೂ ಕಡೆ ಹಾಗೇ. ಒಂಬತ್ತು ವರ್ಷದಿಂದ ನಾನು ಓದುತ್ತಿರುವುದು ಇದೊಂದೇ ಪುಸ್ತಕ, ಬೇರೆ ಓದಿಗೆ ಪುರುಸೊತ್ತಿಲ್ಲ. ಯಾವ ಗಾಯ ಕುರ್ಚಿಯದು, ಯಾವುದು ಹೊಲಿಗೆಯದು, ಯಾವುದು ಪಕ್ಕದ ಮನೆಯ ಹುಡುಗಿಯದು, ಕಣ್ಣು ಹಾಯಿಸಿದರೆ ಹೇಳುತ್ತೇನೆ. ನೀನು ಕಾಲೇಜು ಕಲಿತವನು. ನಾಯಿ ಹಿಂದಿನಿಂದ ಬಂದು ಎರಡೂ ಕಂಕುಳಿಗೆ ಒಟ್ಟಿಗೆ ಕೈ ಹಾಕುವುದು ಹೇಗೆ, ಸ್ವಲ್ಪ ಬಿಡಿಸಿ ಹೇಳು.

ಆ ಸಂಜೆ ನಾಯಿಯ ಕಾಲುಚೀಲ ಬಿಚ್ಚಿದ್ದು ನಾನೇ. ನಾಲ್ಕೂ ಕಾಲಲ್ಲೇ ಇದ್ದವು. ಒಂದರ ಮೇಲೂ ರಕ್ತ ಇರಲಿಲ್ಲ. ನಿನ್ನ ಹೊಲಿಗೆ ಚೆನ್ನಾಗಿದೆ, ಬಿಚ್ಚಿಕೊಂಡಿಲ್ಲ. ಒಗೆದು ಇಟ್ಟಿದ್ದೇನೆ.

ಹೆಗಲು ಮುಟ್ಟಿ ನೋಡಿಕೋ.

ಅಕ್ಕ

*

ಜುಲೈ 3

ದೊರೆಸಾನಿಯವರ ಸನ್ನಿಧಾನಕ್ಕೆ,

ಸೇವೆಯಿಂದ ವಜಾ ಆಗಿರುವ ತಮ್ಮ ವಿಧೇಯ ಗುಮಾಸ್ತ ಮಾಡಿಕೊಳ್ಳುವ ಅರಿಕೆ. ಸದರಿ ನಾನು ಈಗ ತಮ್ಮ ಮಾವನವರ ಒಂದೇ ಕೋಣೆಯ ಮನೆಯಲ್ಲಿ, ಅಂಟಿನ ಡಬ್ಬಿಗಳ ಪಕ್ಕದಲ್ಲಿ ವಾಸವಾಗಿದ್ದೇನೆ. ಇಲ್ಲಿ ಹಿಂದೆ ಮುಂದೆ ಓಡಾಡಲು ಯಾರೂ ಇಲ್ಲದ್ದರಿಂದ ಕಡತಗಳೆಲ್ಲ ಬಾಕಿ ಬಿದ್ದಿವೆ. ದಿನಕ್ಕೆ ಎರಡು ಬಾರಿ ಬಾಗಿಲ ಬಳಿ ಹೋಗಿ, ತಮ್ಮಿಂದ ಆದೇಶವೇನಾದರೂ ಬಂದಿದೆಯೇ ಎಂದು ವಿಚಾರಿಸುತ್ತೇನೆ.

ದಿನಾಂಕ ಮೇ ಇಪ್ಪತ್ತರ ಸಂಜೆ ಕರ್ತವ್ಯದಲ್ಲಿದ್ದಾಗ ಗಾಬರಿಯಾಗಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಂಡಿದ್ದೇನೆ. ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕು.

ಪಂಜದ ಗುರುತು,
ಗುಮಾಸ್ತ
(ಬರೆದುಕೊಟ್ಟವರು: ಮಾವ)

*

ಜುಲೈ 22

ತಮ್ಮಾ,

ನಾಯಿಯ ಕೈಲಿ ತಪ್ಪೊಪ್ಪಿಗೆ ಬರೆಸಿದೆಯಲ್ಲೋ. ನಾನು ನಿನ್ನಂಥ ಸಾಹಿತಿಯನ್ನು ಎಲ್ಲೂ ಕಂಡಿಲ್ಲ.

ಆ ಪತ್ರವನ್ನು ಅವಳು ಎರಡು ಸಲ ಓದಿದಳು. ನಗಲಿಲ್ಲ. ಮಡಿಸಿ, ನೀನು ಕಳಿಸಿದ್ದ ಆ ತೆಳು ಕಾಗದದ ಜೊತೆ ಇಟ್ಟಳು. ಪಟ್ಟಿ ಕಟ್ಟುವಾಗ ನಾನು ಕೇಳಿಯೇಬಿಟ್ಟೆ: ನಿನ್ನ ಎತ್ತಿದ್ದು ಯಾರು ಅಂತ ನಿನಗೆ ಗೊತ್ತಿಲ್ವಾ? ಅವಳು ಏನು ಹೇಳಿದಳು ಅನ್ನುವುದನ್ನು ಇದ್ದ ಹಾಗೇ ಬರೆಯುತ್ತೇನೆ.

"ಗೊತ್ತು. ಗುಮಾಸ್ತ ಅಂತಾನೇ ಇರ್ಲಿ ಬಿಡಮ್ಮ. ಅವನು ನಾಯಿ, ಮರೀತಾನೆ. ಮಾವನಿಗೆ ನಾವು ಹೇಳಿದ್ರೆ ಆಮೇಲೆ ಅವನೂ ಬರಲ್ಲ."

ಹೀಗೆ ಅವಳು ನಿನ್ನನ್ನು ಉಳಿಸಿಕೊಳ್ಳಲು ನಾಯಿಯನ್ನು ಬಿಟ್ಟುಕೊಟ್ಟಿದ್ದಾಳೆ. ಕೊಟ್ಟದ್ದಕ್ಕೆ ತಕ್ಕದ್ದು ಸಿಕ್ಕಿತೇ ಎಂದು ನೀನೇ ಹೇಳಬೇಕು. ಮತ್ತೆ ಕಿರುಚಾಟ ಶುರುವಾಗಿದೆ. ಕಿವಿ ಇದ್ದ ಜಾಗದಲ್ಲಿ ಗಾಳಿಯನ್ನು ಹಿಡಿದುಕೊಳ್ಳುತ್ತಾಳೆ.

ನಾನೂ ಸಾಚಾ ಅಲ್ಲ. ಅಡುಗೆಮನೆಯಿಂದ ಓಡಿಬಂದಾಗ ನಾಯಿ ಕುರ್ಚಿಯ ಪಕ್ಕ ನಿಂತಿತ್ತು, ಅವಳು ನಿನ್ನ ಕೈಯಲ್ಲಿ ನೇತಾಡುತ್ತಿದ್ದಳು. ಕಣ್ಣಾರೆ ಕಂಡೆ. ಕಂಡೂ "ನಾಯಿನಾ?" ಅಂತ ಕೇಳಿದವಳು ನಾನು. ನೀನು ಹೂಂ ಅಂದೆ. ಅದು ಮನೆಯಲ್ಲಿ ಉಸಿರಾಡಿದಷ್ಟು ದಿನವೂ ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಕಳಿಸಲು ಒಂದು ನೆಪ ಬೇಕಾಗಿತ್ತು. ನೀನು ಕೊಟ್ಟೆ, ನಾನು ಈಸಿಕೊಂಡೆ. ನಾಯಿಯನ್ನು ನಿನ್ನ ಜೊತೆಗೇ ಕಳಿಸಿದ್ದು ಮಾತ್ರ ಬೇಕೆಂದೇ. ದಿನಾ ಅದರ ಮುಖ ನೋಡಲಿ ಅಂತ.

ನಾಯಿ ಮತ್ತೆ ಈ ಮನೆಗೆ ಬರಬೇಕಾದರೆ ಅವಳ ಹೆಸರಿಗೆ ಒಂದು ಪತ್ರ ಬರಬೇಕು. ನಿನ್ನ ಹೆಸರಿನಲ್ಲಿ. ತಮಾಷೆ ಬೇಡ. ಬರದಿದ್ದರೆ ನೀನೂ ಬರಬೇಡ.

ಅಕ್ಕ

*

ಸೆಪ್ಟೆಂಬರ್ 2

ದೊರೆಸಾನಿ,

ನಿನ್ನ ಅಮ್ಮ ಕೇಳಿದ ಪತ್ರಕ್ಕೆ ಆರು ವಾರ ತೆಗೆದುಕೊಂಡೆ. ಏಳು ಸಲ ಬರೆದೆ. ಪ್ರತಿ ಸಲವೂ ಮೂರನೆಯ ಸಾಲಿಗೆ ಒಂದು ತಮಾಷೆ ಬಂದು ಕೂತಿತು. ಅದನ್ನು ಹರಿದು ಹಾಕಿದೆ. ನನ್ನ ಕೈಯಿಂದ ಕಾಗದ ಹರಿಯುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದವನು ನಾನು. ಈಗ ಬುಟ್ಟಿ ತುಂಬಿದೆ.

ಕೆಳಗೆ ಸಹಿ ಮಾಡಿರುವ ನಾನು ಒಪ್ಪಿಕೊಳ್ಳುವುದು ಇಷ್ಟು. ಮುಚ್ಚಳ ಬಿದ್ದಾಗ ಗುಮಾಸ್ತ ಬೆಚ್ಚಿ ಎದ್ದದ್ದು ನಿಜ. ಎದ್ದು ಒಂದು ಗೇಣು ಆಚೆ ನಿಂತ, ಅವನಿಗೆ ಕಲಿಸಿದ್ದ ಹಾಗೆ. ಬೆಚ್ಚಿಬಿದ್ದವನು ನಾನು. ಅವನು ಹಾರಿಯೇಬಿಟ್ಟ ಅಂದುಕೊಂಡು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಹಾಕಿ ನಿನ್ನನ್ನು ಎಳೆದೆ. ನನ್ನ ಬೆರಳಿನ ಕೆಳಗೆ ಏನೋ ಜಾರಿತು. ಒದ್ದೆ ಹಾಳೆಯ ಮೇಲಿನ ಪದರ ಹೀಗೇ ಜಾರುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನಷ್ಟು ಬಿಗಿಯಾಗಿ ಹಿಡಿದೆ. ಆಮೇಲೆ ಹೂಂ ಅಂದೆ. ಗುಮಾಸ್ತ ನನ್ನನ್ನೇ ನೋಡುತ್ತಿದ್ದ. ಈಗಲೂ ನೋಡುತ್ತಿದ್ದಾನೆ.

ಶನಿವಾರದ ರೈಲಿಗೆ ಅವನನ್ನು ಕರೆತರುತ್ತೇನೆ. ಅವನು ಒಳಗೆ ಬರುತ್ತಾನೆ. ನಾನು ಹೊಸಿಲ ಆಚೆ ನಿಂತಿರುತ್ತೇನೆ. ಒಳಗೆ ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು. ಅವನು ಮರೆಯುತ್ತಾನೆ ಎಂದಿದ್ದೆಯಂತೆ. ಮರೆತಿಲ್ಲ, ಪುಟ್ಟಾ. ಈ ನೂರು ದಿನದಲ್ಲಿ ಅವನು ಒಂದು ಸಲವೂ ನನ್ನ ಕೈಗೆ ಕಿವಿ ಕೊಟ್ಟಿಲ್ಲ.

ಮೇಜಿನ ಈಚೆ ಯಾಕೆ ಬರುವುದಿಲ್ಲ ಎಂದು ಏಪ್ರಿಲ್‌ನಲ್ಲಿ ನೀನು ಕೇಳಿದ್ದೆ. ನಾನು ಉತ್ತರ ಬರೆಯಲಿಲ್ಲ. ಈಗ ಬರೆಯುತ್ತೇನೆ. ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರ ಬೀಗದ ಕೈ ನನ್ನ ಹತ್ತಿರ ಮಾತ್ರ. ಮುಟ್ಟಿದರೆ ಹರಿಯಬಹುದಾದ ಪುಸ್ತಕ ಯಾವುದು ಬಂದರೂ, ಆಮೇಲೆ ನೋಡೋಣ ಎಂದು ಚೀಟಿ ಬರೆದು ಅದರೊಳಗೆ ಇಟ್ಟುಬಿಡುತ್ತೇನೆ. ಇಪ್ಪತ್ತಾರು ವರ್ಷದಿಂದ ಇಟ್ಟಿದ್ದೇನೆ. ಬೀರು ತುಂಬಿದೆ. ನಾನು ರಟ್ಟು ಕಟ್ಟಿದ್ದೆಲ್ಲ ಗಟ್ಟಿ ಪುಸ್ತಕಗಳಿಗೆ. ರಿಜಿಸ್ಟರಿನ ಸೊನ್ನೆ ಬಂದದ್ದು ಹಾಗೆ.

ನೀನು ಹುಟ್ಟಿದ ವಾರ ನಾನು ನೋಡಲು ಬಂದಾಗಲೇ ನಿನ್ನ ಅಮ್ಮ ಎತ್ತುವುದು ಹೇಗೆಂದು ತೋರಿಸಲು ಬಂದಳು. ನನಗೆ ಗೊತ್ತು, ನನಗೆ ಗೊತ್ತು ಎಂದು ನಗಿಸಿ ಕಳಿಸಿದೆ. ಆಮೇಲೂ ಎಷ್ಟೋ ಸಲ. ಆ ಐದು ನಿಮಿಷದ ಪಾಠವನ್ನು ನಾನೂ ಕಲಿತಿಲ್ಲ. ಒಂಬತ್ತು ವರ್ಷದಲ್ಲಿ ನಾನು ನಿನ್ನನ್ನು ಮುಟ್ಟಿದ್ದು ಅದೊಂದೇ ಸಲ.

ಮಾವ